ಬೋರಲು ಮಡಕೆ

ಹರಾರೆ, ಜಿಂಬಾಬ್ವೆ
೧೨ ಆಗಸ್ಟ್ ೧೯೯೮

ಅಕ್ಕ,

ಇಷ್ಟು ದೂರದಿಂದ ನಮಸ್ಕಾರ ಮಾಡಿದರೆ ನೀನು ಕಾಲು ಹಿಂದಕ್ಕೆ ಎಳೆದುಕೊಳ್ಳೋಕೆ ಆಗುವುದಿಲ್ಲ. ಅದಕ್ಕೇ ಧೈರ್ಯವಾಗಿ ಮಾಡುತ್ತಿದ್ದೇನೆ. ಭಾವ ಹೇಗಿದ್ದಾರೆ? ಕಟ್ಟೆಮಳಲವಾಡಿಯಲ್ಲಿ ಈಗ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಿಗೆ ಬೆಂಕಿ ಹಾಕುವ ಕಾಲ. ಸೊಪ್ಪು ಹದವಾಗಿ ಬೇಯುವವರೆಗೆ ಭಾವನ ಮುಖ ನೋಡೋಕಾಗಲ್ಲ ಅಂತ ನನಗೆ ಗೊತ್ತು. ಈ ಸಲ ಸೊಪ್ಪು ಹಸಿರು ಉಳಿಯದಂತೆ ನೋಡಿಕೊಳ್ಳಲಿ. ದರ್ಜೆ ಹಾಕುವ ಬಾಮೈದ ದೂರದ ದೇಶದಲ್ಲಿದ್ದಾನೆ, ಶಿಫಾರಸು ನಡೆಯುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಬೆಳಗಾದರೆ ಹರಾಜಿನ ಮನೆ, ಸಾಲುಸಾಲು ಸೊಪ್ಪಿನ ಬೇಲು, ಮುಟ್ಟಿ ಮೂಸಿ ಬಣ್ಣ ನೋಡಿ ದರ್ಜೆ ಬರೆಯುವುದು. ಹುಣಸೂರಿನಲ್ಲಿ ಹನ್ನೊಂದು ವರ್ಷ ಮಾಡಿದ್ದೇ ಇಲ್ಲೂ. ಊಟಕ್ಕೂ ತೊಂದರೆ ಇಲ್ಲ. ಇವರದ್ದೂ ಒಂದು ಮುದ್ದೆ ಇದೆ, ಮೆಕ್ಕೆಜೋಳದ ಹಿಟ್ಟಿನದು, ಬೆಳ್ಳಗಿರುತ್ತೆ. ಮುರಿದು ಸಾರಿನಲ್ಲಿ ಅದ್ದಿ ತಿನ್ನುತ್ತಾರೆ. ಆದರೆ ಅಗಿಯುತ್ತಾರೆ ಅಕ್ಕ! ಮುದ್ದೆಯನ್ನು ಅಗಿಯುವ ಜನ ಇದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ.

ಈಗ ನಿಜವಾದ ಸಮಾಚಾರ. ಈ ವಾರ ಇಲ್ಲಿ ಎರಡು ದಿನ ಸರ್ಕಾರಿ ರಜೆ, ಭಾನುವಾರ ಸೇರಿ ಮೂರು. ಕಂಪನಿಯವರು ನಾಲ್ಕು ಜನ ಗ್ರೇಡರುಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ಹ್ವಾಂಗೆ ಅನ್ನುವ ಕಾಡಿಗೆ ಕರೆದುಕೊಂಡು ಹೋದರು. ಒಂದು ದಿನ ಹೋಗುವ ದಾರಿ, ಒಂದು ದಿನ ಪ್ರಾಣಿ, ಒಂದು ದಿನ ಬರುವ ದಾರಿ. ಕಾಡು ಅಂದರೆ ನಮ್ಮ ನಾಗರಹೊಳೆಯ ಹಾಗೆ ಕಣ್ಣಿಗೆ ತಡೆ ಇಲ್ಲ. ಒಣಹುಲ್ಲು, ಕುಳ್ಳ ಮರ, ಬಯಲು. ಪ್ರಾಣಿಗಳಿಗೆ ಬಚ್ಚಿಟ್ಟುಕೊಳ್ಳೋಕೆ ಜಾಗವೇ ಇಲ್ಲ, ಪಾಪ. ಮೋಯೋ ಅಂತ ಒಬ್ಬ ಜೀಪಿನ ಡ್ರೈವರು, ಅವನೇ ಕಾಡು ತೋರಿಸುವವನು. ಮೇಲೆ ಚಾವಣಿ ಇಲ್ಲದ ಜೀಪು. ಬೆಳಗ್ಗೆ ಆರಕ್ಕೆ ಹೊರಟಾಗ ಎಂಥ ಚಳಿ ಅಂತೀಯ, ನನ್ನ ಪಕ್ಕದ ಗುಂಟೂರಿನವನು ಟವೆಲ್ಲು ತಲೆಗೆ ಸುತ್ತಿಕೊಂಡು ಹರಿಕಥೆ ದಾಸರ ಹಾಗೆ ಕೂತಿದ್ದ.

ಬೃಂದಾ ಸಿಕ್ಕಾಗ ಹೇಳು, ಅವಳಪ್ಪ ಜೀಬ್ರಾ ನೋಡಿದ ಅಂತ. ಒಂದಲ್ಲ ಎರಡಲ್ಲ, ಇನ್ನೂರಾದರೂ ಇದ್ದವು. ಒಂದರ ಬೆನ್ನ ಮೇಲೆ ಒಂದು ತಲೆ ಇಟ್ಟುಕೊಂಡು ಜೋಡಿಜೋಡಿಯಾಗಿ ನಿಂತಿರುತ್ತವೆ. ಇದು ಆ ಕಡೆ ನೋಡುತ್ತೆ, ಅದು ಈ ಕಡೆ ನೋಡುತ್ತೆ, ಸಿಂಹ ಎಲ್ಲಿಂದ ಬಂದರೂ ಒಬ್ಬರಿಗೆ ಕಾಣಬೇಕು. ಜಿರಾಫೆ ನೀರು ಕುಡಿಯುವುದನ್ನು ನೋಡಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಮುಂಗಾಲು ಎರಡನ್ನೂ ಅಗಲಿಸಿ, ನಿಧಾನಕ್ಕೆ ಬಗ್ಗಿ, ಅರ್ಧಕ್ಕೆ ಗಾಬರಿಯಾಗಿ ಮತ್ತೆ ಎದ್ದು, ಇನ್ನೊಂದು ಸಲ ಮೊದಲಿಂದ. ಕಾಡುಹಂದಿಗಳು ಬಾಲ ನೆಟ್ಟಗೆ ಎತ್ತಿಕೊಂಡು ಓಡುತ್ತವೆ. ಸಿಂಹ ಮಲಗಿತ್ತು. ಮಲಗೇ ಇತ್ತು. ಕಾಲು ಗಂಟೆ ಕಾದರೂ ಒಂದು ಕಿವಿ ಆಡಿಸಿತು ಅಷ್ಟೇ. ನೀರ್ಗುದುರೆಗಳಂತೂ ಬಾಯಿ ತೆರೆದರೆ ನಮ್ಮ ಬ್ಯಾರನ್ನಿನ ಒಲೆಬಾಯಿ. ಸಂಜೆ ನೀರಿನ ಗುಂಡಿಯ ಹತ್ತಿರ ಆನೆಗಳೂ ಬಂದಿದ್ದವು. ಕತ್ತಲಾಗುತ್ತಿತ್ತು, ಹೊರಟೆವು.

ಫೋಟೊ ತೊಳೆಸಿ ಬಂದ ಮೇಲೆ ಕಳಿಸುತ್ತೇನೆ. ರಾಣಿ ಮಗಳ ಜೊತೆ ಮಿರ್ಲೆಯ ತವರಿನಲ್ಲೇ ಇದ್ದಾಳಂತೆ, ಅವಳಿಗೂ ಬರೆದಿದ್ದೇನೆ. ಹೋದ ಕಾಗದದಲ್ಲಿ ನೀನು ಮಂಟಯ್ಯಣ್ಣನ ಕೇಸು ಮುಗಿಯುವ ಹಂತಕ್ಕೆ ಬಂದಿದೆ ಅಂತ ಬರೆದಿದ್ದೆ. ಒಳ್ಳೆಯದಾಗಲಿ. ಇಷ್ಟು ವರ್ಷ ಎಳೆದ ಕೇಸು ನಿಲ್ಲುವುದಿಲ್ಲ ಅಂತ ಇಲ್ಲಿ ತಿಳಿದವರೊಬ್ಬರು ಹೇಳಿದರು. ನೀನು ತಲೆ ಕೆಡಿಸಿಕೊಳ್ಳಬೇಡ.

ನಿನ್ನ ತಮ್ಮ,
ವಸಂತ


ಕಟ್ಟೆಮಳಲವಾಡಿ
೨೯ ಆಗಸ್ಟ್ ೧೯೯೮

ವಸಂತ,

ಎಲ್ಲ ಕ್ಷೇಮ ಅಂತ ಮೊದಲು ಬರೀಬೇಕು, ಬರೆದಿದ್ದೀನಿ. ನಿಮ್ಮ ಭಾವನ ಎರಡನೇ ಬ್ಯಾರನ್ ಸೊಪ್ಪು ಹಳದಿಗೆ ತಿರುಗಿದೆ, ಅವರ ಮುಖವೂ ಸ್ವಲ್ಪ ತಿರುಗಿದೆ.

ನಿನ್ನ ಕಾಗದ ಬಂದ ದಿನ ಮಂಟಯ್ಯಣ್ಣ ನಮ್ಮ ಮನೇಲಿದ್ದ. ಅವತ್ತು ಹುಣಸೂರು ಕೋರ್ಟಿನಲ್ಲಿ ಅವನಿಗೆ ವಾಯಿದೆ. ವಾಯಿದೆ ದಿನ ಕೋರ್ಟು ಮುಗಿಸಿ ನಮ್ಮಲ್ಲಿಗೆ ಬಂದು ಉಂಡು ಹೋಗೋದು ನಿನಗೆ ಗೊತ್ತಲ್ಲ. ಊಟಕ್ಕೆ ಕೂತಿದ್ದಾಗ ಪೋಸ್ಟಿನವನು ಬಂದ. ವಸಂತನ ಕಾಗದ ಅಂದಕೂಡಲೇ ಓದವ್ವ ಅಂದ. ಗಟ್ಟಿಯಾಗಿ ಓದಿದೆ. ಜಿರಾಫೆ ನೀರು ಕುಡಿಯೋ ಕಡೆ ನಿಮ್ಮ ಭಾವ ಕೆಮ್ಮು ಬರೋ ಹಾಗೆ ನಕ್ಕರು. ಅವನೂ ನಕ್ಕ. ಮುದ್ದೆ ಅಗಿಯೋ ಜನ ಅಂದಾಗ, "ಅಲ್ಲು ಗಟ್ಟಿ ಇರ್ಬೇಕು ಬುಡು" ಅಂದ.

ಓದಿ ಮುಗಿಸಿದ ಮೇಲೆ ಕೈ ತೊಳೆಯದೆ ಹಾಗೇ ಕೂತಿದ್ದ. ಆಮೇಲೆ ಕೇಳಿದ: "ಆನೆ ಬಂದಿದ್ವು ಅಂತ ಬರ್ದವನಲ್ಲ ಅವ್ವ, ಮರಿ ಇತ್ತಂತಾ?"

"ಬರ್ದಿಲ್ಲ ಕಣಣ್ಣ" ಅಂದೆ.

"ಬರ್ದು ಕೇಳವ್ವ" ಅಂದ.

ಕೇಳಿದ್ದೀನಿ. ಮರಿ ಇತ್ತಾ?

ನೀನು ಎಲೆ ಮುಟ್ಟಿ ದರ್ಜೆ ಹೇಳೋನು. ನಿನ್ನನ್ನು ಎತ್ತಿ ಆಡಿಸಿದವಳು ನಾನು, ನಿನ್ನ ಕಾಗದ ಮುಟ್ಟಿದರೆ ನನಗೂ ತಿಳಿಯುತ್ತೆ. ಹಂದಿಯ ಬಾಲಕ್ಕೆ ಒಂದು ಸಾಲು, ಮಲಗಿದ ಸಿಂಹಕ್ಕೆ ಮೂರು ಸಾಲು, ಆನೆಗೆ ಒಂದೂವರೆ. ಕಾಡಂಚಿನ ಹೊಲದಲ್ಲಿ ಆನೆ ಕಾಯ್ದುಕೊಂಡೇ ಬೆಳೆದ ಹುಡುಗ ಆನೆ ನೋಡಿ "ಕತ್ತಲಾಗುತ್ತಿತ್ತು, ಹೊರಟೆವು" ಅಂತಾನಾ? ಜಾಲಿಯಾಗಿ ತಿರುಗಿಕೊಂಡು ಬಂದೆ, ಇಲ್ಲಿಯ ನೆನಪು ಬೇಡವಾಯ್ತು ಅಂತ ಕಾಣುತ್ತೆ. ತಲೆ ಕೆಡಿಸಿಕೊಳ್ಳಬೇಡ ಅಂತ ನನಗೇ ಬುದ್ಧಿ ಬೇರೆ ಹೇಳಿದ್ದೀಯ.

ನಿನಗೆ ಮರೆತಿರಬಹುದು, ಆದ್ದರಿಂದ ಬರೀತೀನಿ. ಎಂಬತ್ತಾರನೇ ಇಸವಿ ನವೆಂಬರು. ನಮ್ಮ ರಾಗಿ ಹೊಲ. ಪಂಪ್‌ಸೆಟ್ಟಿನ ಕಂಬದಿಂದ ಕೊಕ್ಕೆ ಹಾಕಿ ಬೇಲಿಯ ತಂತಿಗೆ ಕರೆಂಟು ಬಿಟ್ಟಿದ್ದು ನಮ್ಮಪ್ಪ, ಸಣ್ಣಬೀರಯ್ಯ. ಆವತ್ತು ಬೆಳಗ್ಗೆ ಒಂಬತ್ತು ಗಂಟೆಗೆ ಆ ತಂತಿ ತಗುಲಿ ತಾಯಾನೆ ಸತ್ತಿತು. ಫಾರೆಸ್ಟಿನವರು ಬಂದಾಗ, ಬೆಳೆಯಲ್ಲಿ ಪಾಲು ಅಂತ ಹೊಲವನ್ನು ವಾರಕ್ಕೆ ಮಾಡ್ತಿದ್ದ ಮಂಟಯ್ಯಣ್ಣ ಮುಂದೆ ಬಂದು, ತಂತಿ ಎಳೆದಿದ್ದೂ ನಾನೇ, ಕೊಕ್ಕೆ ತೆಗೀದೆ ಬಿಟ್ಟಿದ್ದೂ ನಾನೇ, ಯಜಮಾನರಿಗೆ ಗೊತ್ತಿಲ್ಲ ಅಂದ. ಅಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡು ನೆಲ ನೋಡ್ತಾ ನಿಂತಿದ್ದ. ಮಂಟಯ್ಯಣ್ಣ ಎರಡು ತಿಂಗಳು ಜೈಲಿನಲ್ಲಿದ್ದು ಬಂದ. ಹನ್ನೆರಡು ವರ್ಷದಿಂದ ವಾಯಿದೆಗೆ ಅಲೀತಿದ್ದಾನೆ. ಅಪ್ಪ ಸತ್ತು ಐದು ವರ್ಷವಾಯ್ತು, ಸಾಯೋವರೆಗೂ ಈ ಮಾತು ಎತ್ತಲಿಲ್ಲ.

ನವೆಂಬರ್ ಐದಕ್ಕೆ ಕಡೇ ವಾಯಿದೆ. ಯಾರಾದರೂ ಏನಾದರೂ ಹೇಳೋದಿದ್ರೆ ಅವತ್ತೇ ಹೇಳಬೇಕು, ಆಮೇಲೆ ತೀರ್ಪು ಅಂತ ಲಾಯರು ಹೇಳಿದ್ದಾರೆ. ಅವನೇ ಒಪ್ಪಿಕೊಂಡಿರೋದ್ರಿಂದ ಶಿಕ್ಷೆ ತಪ್ಪಲ್ಲವಂತೆ. ಮೂರು ವರ್ಷವಾದರೂ ಆಗುತ್ತಂತೆ. ಅವನಿಗೆ ಈಗ ಅರವತ್ತೆರಡು.

ಬೇರೆ ಸಮಾಚಾರ ಇಲ್ಲ.

ಬೀರಮ್ಮ


ಹರಾರೆ
೧೪ ಸೆಪ್ಟೆಂಬರ್ ೧೯೯೮

ಅಕ್ಕ,

ಮರಿ ಇತ್ತು.

ನಿನ್ನ ಕಾಗದ ಬಂದು ಎರಡು ದಿನವಾಯಿತು. ಎರಡು ದಿನವೂ ಸೊಪ್ಪಿಗೆ ತಪ್ಪು ದರ್ಜೆ ಬರೆದು ಸಾಹೇಬನ ಹತ್ತಿರ ಬೈಸಿಕೊಂಡೆ. ಹುಣಸೂರು ಬಸ್ ನಿಲ್ದಾಣದ ಗುರುಮಲ್ಲಪ್ಪನ ಅಂಗಡಿಗೆ ಫೋನು ಮಾಡಿ, ಹೇಳಿಕಳಿಸಿ ನಿನ್ನನ್ನು ಅಲ್ಲಿಗೆ ಕರೆಸೋಣ ಅಂದುಕೊಂಡೆ. ಆದರೆ ಅಲ್ಲಿ ಬೀಡಿ ಕೊಳ್ಳಲು ಬಂದವರೆಲ್ಲ ಕಿವಿ ಇಟ್ಟುಕೊಂಡು ನಿಂತಿರುತ್ತಾರೆ. ಈ ಮಾತು ಅಲ್ಲಿ ಆಗುವಂಥದ್ದಲ್ಲ.

ಕತ್ತಲಾಗುತ್ತಿತ್ತು ಅಂತ ಬರೆದದ್ದು ಸುಳ್ಳು. ನಾವು ನೀರಿನ ಗುಂಡಿಗೆ ಹೋದದ್ದು ಮಧ್ಯಾಹ್ನ ಮೂರಕ್ಕೆ. ಸಂಜೆ ಐದರವರೆಗೆ ಅಲ್ಲೇ ಇದ್ದೆವು. ಮರದ ಅಟ್ಟಣೆ ಕಟ್ಟಿದ್ದಾರೆ, ಮೇಲೆ ಹತ್ತಿ ಕೂರಬೇಕು. ಮಳೆಯಿಲ್ಲದ ಈ ತಿಂಗಳುಗಳಲ್ಲಿ ಅಲ್ಲಿ ನೀರು ಇರುವುದಿಲ್ಲ, ಡೀಸೆಲ್ ಎಂಜಿನ್ನಿನಿಂದ ನೆಲದೊಳಗಿನ ನೀರೆತ್ತಿ ಗುಂಡಿ ತುಂಬಿಸುತ್ತಾರೆ. ನೀರಿನ ಪೈಪು ನೆಲದ ಮೇಲೇ ಬಿದ್ದಿದೆ. ಆನೆಗಳು ಬರುವ ದಾರಿಗೆ ಅಡ್ಡಲಾಗಿ.

ಇಪ್ಪತ್ತಮೂರು ಆನೆ ಬಂದವು. ಮುಂದೆ ಒಂದು ಮುದಿ ಹೆಣ್ಣು. ದಾಹ ಎಷ್ಟಿತ್ತು ಅಂದರೆ ಹಿಂದಿನವು ಒಂದನ್ನೊಂದು ತಳ್ಳುತ್ತಿದ್ದವು. ಆದರೆ ಆ ಮುದುಕಿ ಪೈಪಿನ ಹತ್ತಿರ ಬಂದು ನಿಂತುಬಿಟ್ಟಳು. ಅವಳು ನಿಂತಳು ಅಂತ ಎಲ್ಲವೂ ನಿಂತವು. ಸೊಂಡಿಲು ಮುಂದೆ ಚಾಚಿ, ತುದಿಯಿಂದ ಪೈಪನ್ನು ಮುಟ್ಟಿದಳು. ಮೂಸಿದಳು. ಮತ್ತೆ ಮುಟ್ಟಿದಳು. ಏನೂ ಆಗಲಿಲ್ಲ. ಆಮೇಲೆ ದಾಟಿದಳು. ದಾಟಿ ತಾನು ನೀರಿಗೆ ಹೋಗಲಿಲ್ಲ, ಹಿಂದೆ ತಿರುಗಿ ಮರಿಯನ್ನು ಸೊಂಡಿಲಿನಿಂದ ತಳ್ಳಿ ಪೈಪು ದಾಟಿಸಿದಳು. ಮರಿ ನೀರು ಕುಡಿಯುವವರೆಗೂ ತಾನು ಕುಡಿಯದೆ ನಿಂತಿದ್ದಳು.

ಎಲ್ಲರೂ ಫೋಟೊ ತೆಗೆಯುತ್ತಿದ್ದರು. ನನಗೆ ಕ್ಯಾಮೆರಾ ಎತ್ತೋಕೆ ಆಗಲಿಲ್ಲ. ಏನೂ ಆಗಲಿಲ್ಲ, ಏನೂ ಆಗಲಿಲ್ಲ ಅಂತ ಮನಸ್ಸು ಬಡಿದುಕೊಳ್ಳುತ್ತಿತ್ತು. ನಮ್ಮ ಹೊಲದಲ್ಲಿ ಸತ್ತವಳೂ ಸೊಂಡಿಲು ಚಾಚಿಕೊಂಡೇ ಬಿದ್ದಿದ್ದಳು. ನಾನು ಸಂಜೆ ಬಸ್ಸಿಳಿದು ಬಂದು ನೋಡಿದಾಗ ಹಾಗೇ ಇದ್ದಳು. ಮುಟ್ಟಿ ನೋಡೋಕೆ ಅಂತ ಚಾಚಿದ ಸೊಂಡಿಲು.

ಮೋಯೋ ನನ್ನ ಮುಖ ನೋಡಿ ಕೇಳಿದ, "ನಿಮ್ಮ ಊರಿನ ಕಡೆ ಆನೆ ಇದೆಯಾ?" ನಾನು ಇಲ್ಲ ಅಂದೆ. ನಮ್ಮೂರಿನಲ್ಲಿ ಆನೆ ಇಲ್ಲ, ಇದೇ ಮೊದಲು ನೋಡುತ್ತಿರುವುದು ಅಂದೆ. ಅವನು ಪಾಪ ಅಂದುಕೊಂಡು ನನಗೆ ಆನೆಯ ವಿಷಯ ಎಲ್ಲ ಬಿಡಿಸಿ ಹೇಳಿದ. ತಾಯಿ ಸತ್ತರೆ ಮರಿ ಏನಾಗುತ್ತೆ ಅಂತಲೂ ಹೇಳಿದ. ನಾನು ತಲೆ ಆಡಿಸುತ್ತಾ ಕೇಳಿದೆ.

ಇನ್ನು ಮುಚ್ಚಿಡುವುದಿಲ್ಲ ಅಕ್ಕ. ಕೊಕ್ಕೆ ತೆಗೆಯದೆ ಬಿಟ್ಟವನು ಮಂಟಯ್ಯಣ್ಣ ಅಲ್ಲ, ನಾನು.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಬೆಳಗ್ಗೆ ಮೊದಲು ಹೊಲಕ್ಕೆ ಹೋದವರು ಪಂಪ್‌ಸೆಟ್ಟಿನ ಹತ್ತಿರ ಹೋಗಿ ಒಣ ಬಿದಿರಿನ ಗಳದಿಂದ ಕೊಕ್ಕೆ ಇಳಿಸಬೇಕು. ಇಳಿಸಿ ಬಂದು ದಾರಿಯ ಬೇಲಿಗಂಬದ ಮೇಲೆ ಮಡಕೆ ಬೋರಲು ಹಾಕಬೇಕು. ಮಡಕೆ ಬೋರಲಿದ್ದರೆ ತಂತಿಯಲ್ಲಿ ಕರೆಂಟಿಲ್ಲ, ದನ ಕರು ಯಾರು ಬೇಕಾದರೂ ದಾಟಬಹುದು. ಆ ಮಡಕೆ ನೋಡದೆ ಅವ್ವ ಕೂಡ ಸೊಪ್ಪು ಕೀಳೋಕೆ ಹೋಗುತ್ತಿರಲಿಲ್ಲ.

ಅವತ್ತು ನನಗೆ ಹುಣಸೂರಿನ ಹರಾಜಿನಲ್ಲಿ ಕೆಲಸದ ಮೊದಲ ದಿನ. ಹೊಸ ಪ್ಯಾಂಟು. ಹೋಗುವಾಗ ಕೊಕ್ಕೆ ತೆಗೆದು ಹೋಗು ಅಂತ ಅಪ್ಪ ಹೇಳಿದ್ದ. ದಾರಿಯ ಕಂಬ ಮೊದಲು ಸಿಕ್ಕಿತು. ಪಂಪ್‌ಸೆಟ್ಟಿಗೆ ಹೋಗಬೇಕಾದರೆ ಮೊಣಕಾಲುದ್ದ ರಾಗಿಯಲ್ಲಿ ನಡೆಯಬೇಕು, ಇಬ್ಬನಿ ತೊಟ್ಟಿಕ್ಕುತ್ತಿತ್ತು. ಮಡಕೆ ಮೊದಲು ಹಾಕಿಬಿಡೋಣ, ಪ್ಯಾಂಟು ಮಡಚಿಕೊಂಡು ಆಮೇಲೆ ಕೊಕ್ಕೆ ತೆಗೆಯೋಣ ಅಂದುಕೊಂಡೆ. ಮಡಕೆ ಹಾಕಿದೆ. ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿತು. ಓಡಿದೆ. ಬಸ್ಸಿನಲ್ಲಿ ಕೂತಾಗ ನೆನಪಾಯಿತು. ಇಳಿಯಲಿಲ್ಲ. ಅಪ್ಪ ನೋಡಿಕೊಳ್ಳುತ್ತಾನೆ ಅಂದುಕೊಂಡೆ.

ಪ್ಯಾಂಟು ಒದ್ದೆಯಾಗುತ್ತೆ ಅಂತ ಅಕ್ಕ. ಇಷ್ಟೇ ಕಾರಣ.

ಸಂಜೆ ಬಂದಾಗ ಕಂಬದ ಮೇಲೆ ಮಡಕೆ ಇರಲಿಲ್ಲ. ಅಪ್ಪ ತೆಗೆದಿರಬೇಕು ಅಂತ ತಿಳಿದೆ. ಯಾರನ್ನೂ ಕೇಳಲಿಲ್ಲ. ಇಲ್ಲದಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು. ಅಷ್ಟು ಹೊತ್ತಿಗೆ ಮಂಟಯ್ಯಣ್ಣನನ್ನು ಕರೆದುಕೊಂಡು ಹೋಗಿಯಾಗಿತ್ತು. ಯಜಮಾನರ ಮಗನ ಕೆಲಸ ಹೋಗಬಾರದು ಅಂತ ಅವನು ತನ್ನ ಮೇಲೆ ಹಾಕಿಕೊಂಡ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿದವನು ಅವನು. ಆ ಋಣಕ್ಕೆ ನಾನು ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೇನೆ.

ನನಗೆ ಏನು ಮಾಡಬೇಕು ಅಂತ ತೋಚುತ್ತಿಲ್ಲ. ಹೇಳಿದರೆ ಕೆಲಸ ಹೋಗುತ್ತೆ, ಪಾಸ್‌ಪೋರ್ಟಿಗೂ ತೊಂದರೆ. ಬೃಂದಾ ಈಗ ಎರಡನೇ ಕ್ಲಾಸು. ರಾಣಿಗೆ ಏನೂ ಗೊತ್ತಿಲ್ಲ. ಈ ಕಾಗದ ನಿನ್ನ ಕೈಲಿದೆ. ಲಾಯರಿಗೆ ಕೊಡುತ್ತೀಯೋ, ಒಲೆಗೆ ಹಾಕುತ್ತೀಯೋ, ನಿನಗೆ ಸರಿ ಕಂಡ ಹಾಗೆ ಮಾಡು. ನೀನು ಏನು ಮಾಡಿದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ವಸಂತ


ಕಟ್ಟೆಮಳಲವಾಡಿ
೩೦ ಸೆಪ್ಟೆಂಬರ್ ೧೯೯೮

ವಸಂತ,

ನಿನ್ನ ಕಾಗದವನ್ನು ಇದರ ಜೊತೆಗೇ ವಾಪಸ್ ಕಳಿಸ್ತಿದ್ದೀನಿ. ಅದಕ್ಕೆ ನೀನು ಹಾಕಿದ ವಿಳಾಸ ಸರಿ ಇಲ್ಲ.

ಓದಿ ಅತ್ತೆ. ಅತ್ತಮೇಲೆ ಕೋಪ ಬಂತು. ಬೇಸರ ಮಾಡಿಕೊಳ್ಳೋದಿಲ್ಲವಂತೆ ಇವನು! ಲಾಯರಿಗೆ ಕೊಟ್ಟರೆ ಅಕ್ಕ ತಮ್ಮನನ್ನು ಹಿಡಿಸಿಕೊಟ್ಟಳು. ಒಲೆಗೆ ಹಾಕಿದರೆ ತಮ್ಮ ಒಪ್ಪಿಕೊಂಡಿದ್ದ, ಅಕ್ಕ ಸುಟ್ಟಳು. ಎರಡರಲ್ಲೂ ನೀನು ಒಳ್ಳೆಯವನೇ. ಹೋಗಲಿ ಅಂದರೆ ಮಂಟಯ್ಯಣ್ಣನ ಹೆಸರಿಗೆ ಒಂದು ಸಾಲು ಬರೆದಿದ್ದೀಯಾ? ಅವತ್ತೂ ಮಡಕೆ ಹಾಕಿ, ಕೊಕ್ಕೆಯ ಕೆಲಸ ಇನ್ನೊಬ್ಬರಿಗೆ ಬಿಟ್ಟು ಬಸ್ಸು ಹತ್ತಿದೆ. ಇವತ್ತೂ ಅದೇ ಮಾಡಿದ್ದೀಯ.

ಬೈಯ್ಯೋ ಯೋಗ್ಯತೆ ನನಗೂ ಇಲ್ಲ. ಅದನ್ನೂ ಕೇಳು.

ನಿನ್ನ ಕಾಗದದಲ್ಲಿ ನನಗೆ ಗೊತ್ತಿಲ್ಲದ್ದು ಅಂದರೆ ಪ್ಯಾಂಟಿನ ವಿಷಯ ಒಂದೇ. ಆ ಮಡಕೆ ತೆಗೆದವಳು ನಾನು.

ನಾನಾಗ ತವರಿಗೆ ಬಂದಿದ್ದೆ. ಬೆಳಕು ಹರಿದರೂ ಆನೆಗಳು ಊರಾಚೆಯ ಬೇರೆಯವರ ರಾಗಿ ಹೊಲ ಬಿಟ್ಟು ಹೋಗಿರಲಿಲ್ಲ. ಮಂಟಯ್ಯಣ್ಣ ಊರಿನ ಏಳೆಂಟು ಜನ ಕಟ್ಟಿಕೊಂಡು ತಗಡು ಬಡಿದು ಕಾಡಿನ ಕಡೆ ಓಡಿಸ್ತಾ ಇದ್ದ. ನಾನು ಮನೆ ಹತ್ತಿರ ನಿಂತು ನೋಡ್ತಿದ್ದೆ. ಅವನು ಆ ಕಡೆ ಈ ಕಡೆ ನೋಡಿ, ನಮ್ಮ ಹೊಲದ ದಾರಿಯ ಕಂಬದ ಕಡೆಯಿಂದಲೇ ಕಾಡಿಗೆ ಹತ್ತಿರ ಅಂತ ಅತ್ತ ತಿರುಗಿಸಿದ. ಆಮೇಲೆ ಆ ಕೂಗು. ಅದನ್ನು ಬರೆಯೋಕೆ ನನ್ನ ಕೈಲಿ ಆಗಲ್ಲ.

ಎಲ್ಲರೂ ಆನೆಯ ಕಡೆ ಓಡಿದರು. ನಾನು ಪಂಪ್‌ಸೆಟ್ಟಿನ ಕಡೆ ಓಡಿ ಗಳದಿಂದ ಕೊಕ್ಕೆ ಕಿತ್ತೆ. ಬರೋವಾಗ ನೋಡಿದೆ, ಕಂಬದ ಮೇಲೆ ಮಡಕೆ ಬೋರಲು. ಬೆಳಗ್ಗೆ ಅಪ್ಪ ನಿನಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಒಂದು ಗಳಿಗೆ ನಿಂತೆ ಅಷ್ಟೇ. ಮಡಕೆ ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಕಟ್ಟೆಯ ನೀರಿಗೆ ಎಸೆದೆ. ತಮ್ಮನ ಹೆಸರು ಬರಬಾರದು ಅನ್ನೋದು ಬಿಟ್ಟು ಬೇರೆ ಯೋಚನೆಯೇ ಬರಲಿಲ್ಲ. ಮರಿ ಸಾಯಂಕಾಲದ ತನಕ ತಾಯಿಯನ್ನು ಸುತ್ತಿಕೊಂಡು ತಿರುಗ್ತಾ ಇತ್ತು. ನಾನು ಮನೆಯೊಳಗೆ ಕೂತು ಕಿವಿ ಮುಚ್ಚಿಕೊಂಡಿದ್ದೆ. ಕೊನೆಗೆ ಅದನ್ನು ಕಾಡಿಗೆ ಅಟ್ಟಿದರು.

ಮಂಟಯ್ಯಣ್ಣ ಒಪ್ಪಿಕೊಂಡಾಗ ನಾನೂ ನಿನ್ನ ಹಾಗೇ ತಿಳಿದೆ. ನಮಗೋಸ್ಕರ ಹೊತ್ತುಕೊಂಡ, ಎಂಥ ದೊಡ್ಡ ಮನುಷ್ಯ ಅಂತ. ಅದಕ್ಕೇ ಪ್ರತಿ ವಾಯಿದೆಗೂ ಕರೆದು ಬಿಸಿ ಮುದ್ದೆ, ಅವನಿಗೆ ಇಷ್ಟ ಅಂತ ಹುರುಳಿಕಾಳಿನ ಸಾರು. ಹನ್ನೆರಡು ವರ್ಷ ಬಡಿಸಿದೆ. ಬಡಿಸಿದಷ್ಟೂ ಹಗುರ ಆಗುತ್ತೆ ಅಂದುಕೊಂಡಿದ್ದೆ, ಆಗಲಿಲ್ಲ.

ಆರು ವರ್ಷದ ಹಿಂದೆ ಒಂದು ದಿನ ಉಣ್ಣುತ್ತಾ ಇದ್ದವನು ತಲೆ ಎತ್ತಿ ಕೇಳಿದ: "ಬೀರವ್ವ, ಅವತ್ತು ಕಂಬದ ಮ್ಯಾಲೆ ಮಡಕೆ ಇತ್ತಾ?" ನಾನು ಸಾರಿನ ಪಾತ್ರೆಗೆ ಸೌಟು ಹಾಕಿದೆ. "ನಾ ನೋಡ್ಲಿಲ್ಲ ಕಣಣ್ಣ" ಅಂದೆ. ಮತ್ತೆ ಕೇಳಲಿಲ್ಲ. ಎಲ್ಲ ತಿಳಿದಿದ್ದೂ ನನ್ನನ್ನು ಚುಚ್ಚುತ್ತಿದ್ದಾನೆ ಅಂದುಕೊಂಡೆ. ಆವತ್ತಿಂದ ಅವನಿಗೆ ಇನ್ನೊಂದು ಮುದ್ದೆ ಜಾಸ್ತಿ ಹಾಕೋಕೆ ಶುರು ಮಾಡಿದೆ ನೋಡು, ಎಂಥ ಹೆಂಗಸು ನಾನು.

ಈಗ ನನ್ನ ಕೆಲಸ ನಾನು ಮಾಡ್ತೀನಿ. ಐದನೇ ತಾರೀಖು ಕೋರ್ಟಿಗೆ ಹೋಗಿ, ಮಡಕೆ ತೆಗೆದವಳು ನಾನು ಅಂತ ಹೇಳ್ತೀನಿ. ನಿಮ್ಮ ಭಾವನಿಗೆ ಹೇಳಿದ್ದೀನಿ. ಕೇಳಿ ಬ್ಯಾರನ್ನಿಗೆ ಹೋದರು, ಇವತ್ತು ಬೆಳಗ್ಗೆ, "ಹೋಗು, ಇಷ್ಟು ವರ್ಷ ಯಾಕೆ ಕಾದೆ" ಅಂದರು. ಆದರೆ ಮಡಕೆ ಹಾಕಿದವರು ಯಾರು ಅಂತ ನಾನು ಹೇಳಲ್ಲ. ಅದು ನಿನ್ನ ಬಾಯಿಂದಲೇ ಬರಬೇಕು. ಬರದೆ ಹೋದರೆ ಅದು ನಿನಗೆ ಬಿಟ್ಟಿದ್ದು, ನನಗಲ್ಲ.

ವಿಳಾಸ ನೀನೇ ಬರಿ.

ಬೀರಮ್ಮ


ಹರಾರೆ
೧೫ ಅಕ್ಟೋಬರ್ ೧೯೯೮

ಮಂಟಯ್ಯಣ್ಣ,

ಈ ಕಾಗದ ನಿನಗೇ ಬರೆದಿರುವುದು. ನಿನಗೆ ಓದೋಕೆ ಬರುವುದಿಲ್ಲ ಅಂತ ಅಕ್ಕನ ವಿಳಾಸಕ್ಕೆ ಹಾಕಿದ್ದೇನೆ, ಅವಳು ನಿನ್ನ ಮನೆಗೇ ಬಂದು ಓದಿ ಹೇಳುತ್ತಾಳೆ. ಕೆಂಪಾಜಮ್ಮತ್ತಿಗೆಯೂ ಕೂತು ಕೇಳಲಿ.

ಮೊದಲು ನೀನು ಕೇಳಿದ ಮಾತು. ಮರಿ ಇತ್ತು. ಮೂರು ಮರಿ ಇದ್ದವು. ಒಂದಂತೂ ತಾಯಿಯ ಹೊಟ್ಟೆಯ ಕೆಳಗೇ ನಡೆದುಕೊಂಡು ಬಂತು. ಸೊಂಡಿಲಿನಿಂದ ನೀರು ಎತ್ತೋಕೆ ಇನ್ನೂ ಬರದೆ, ಮಂಡಿಯೂರಿ ಬಾಯಿ ಹಾಕಿ ಕುಡಿಯಿತು. ಕುಡಿಯುವವರೆಗೂ ಹಿರಿಯಾನೆ ಪಕ್ಕದಲ್ಲಿ ನಿಂತು ಕಾಯುತ್ತಿತ್ತು.

ಇನ್ನು ನಾನು ಹೇಳಬೇಕಾದ ಮಾತು. ಎಂಬತ್ತಾರರಲ್ಲಿ ಆ ಬೆಳಗ್ಗೆ ನಮ್ಮ ಹೊಲದ ಕಂಬದ ಮೇಲೆ ಮಡಕೆ ಬೋರಲು ಹಾಕಿದವನು ನಾನು. ಕೊಕ್ಕೆ ತೆಗೆಯದೆ ಹಾಕಿದೆ. ಬಸ್ಸಿಗೆ ಹೊತ್ತಾಯಿತು ಅಂತ, ಪ್ಯಾಂಟು ನೆನೆಯುತ್ತೆ ಅಂತ. ಆನೆ ಸತ್ತದ್ದು ನನ್ನಿಂದ. ನನ್ನ ಕೆಲಸ ಉಳಿಯಲಿ ಅಂತ ನೀನು ತಪ್ಪು ನಿನ್ನ ಮೇಲೆ ಹಾಕಿಕೊಂಡೆ. ನಾನು ಹಾಕಿಕೊಳ್ಳೋಕೆ ಬಿಟ್ಟೆ. ನೀನು ಫಾರೆಸ್ಟಿನವರ ವ್ಯಾನು ಹತ್ತುತ್ತಿದ್ದೆಯಂತೆ, ಆ ಹೊತ್ತಿಗೆ ನಾನು ಹರಾಜಿನಲ್ಲಿ ದರ್ಜೆ ಹೇಳೋದು ಕಲಿಯುತ್ತಿದ್ದೆ.

ಕ್ಷಮಿಸು ಅಂತ ಕೇಳೋಕೆ ಕಾಗದದಲ್ಲಿ ಬಾಯಿ ಬರುತ್ತಿಲ್ಲ. ಎದುರಿಗೆ ಬಂದು ಕೇಳುತ್ತೇನೆ. ಸಾಹೇಬನಿಗೆ ಹೇಳಿದ್ದೇನೆ. ಹರಾಜು ಮುಗಿಯುವ ಮುಂಚೆ ಹೋದರೆ ವಾಪಸ್ ಬರೋದು ಬೇಡ ಅಂದ. ಸರಿ ಅಂದೆ. ರಾಣಿಗೂ ಎಲ್ಲ ಬರೆದಿದ್ದೇನೆ. ನವೆಂಬರ್ ನಾಲ್ಕನೇ ತಾರೀಖು ಸಂಜೆ ಹುಣಸೂರಿನಲ್ಲಿ ಇಳಿಯುತ್ತೇನೆ, ಐದಕ್ಕೆ ಕೋರ್ಟಿನಲ್ಲಿರುತ್ತೇನೆ.

ಇಲ್ಲಿ ಕಾಡು ತೋರಿಸಿದ ಮೋಯೋಗೆ ನಮ್ಮೂರಿನಲ್ಲಿ ಆನೆ ಇಲ್ಲ ಅಂತ ಸುಳ್ಳು ಹೇಳಿದ್ದೆ. ಅವನಿಗೂ ಒಂದು ಕಾಗದ ಹಾಕಿದೆ. ಇದೆ, ನಾವು ಒಂದನ್ನು ಕೊಂದಿದ್ದೇವೆ ಅಂತ.

ವಸಂತ


ಹುಣಸೂರು ಬಸ್ ನಿಲ್ದಾಣ, ಗುರುಮಲ್ಲಪ್ಪನವರ ಅಂಗಡಿಯಲ್ಲಿ ಬಿಟ್ಟ ಚೀಟಿ
೪ ನವೆಂಬರ್ ೧೯೯೮

ವಸಂತ,

ನೀನು ಇಳಿಯೋ ಹೊತ್ತಿಗೆ ನಾನು ಕಟ್ಟೆಮಳಲವಾಡಿಯಲ್ಲಿ ಇರಲ್ಲ, ಮಂಟಯ್ಯಣ್ಣನ ಮನೆಯಲ್ಲಿರ್ತೀನಿ. ಬೆಳಗ್ಗೆ ಅವನ ಜೊತೆ ನೇರ ಕೋರ್ಟಿಗೆ ಬರ್ತೀನಿ. ನಿಮ್ಮ ಭಾವ ಮನೇಲಿದ್ದಾರೆ, ಹೋಗಿ ಉಂಡು ಮಲಗು. ಹತ್ತು ಗಂಟೆಗೆ ಕೋರ್ಟಿನ ಮುಂದಿನ ಹೊಂಗೆ ಮರದ ಹತ್ತಿರ ಬಾ. ಲಾಯರಿಗೆ ಹೇಳಿದ್ದೀನಿ.

ಬರೋ ಮುಂಚೆ ಒಂದು ವಿಷಯ ನಿನಗೆ ಗೊತ್ತಿರಬೇಕು. ಅದಕ್ಕೇ ಈ ಚೀಟಿ.

ಮೊನ್ನೆ ಅವನ ಮನೆಗೆ ಹೋಗಿ ನಿನ್ನ ಕಾಗದ ಓದಿದೆ. ಜಗಲಿ ಮೇಲೆ ಕೂತು ಕೇಳಿದ. ಕೆಂಪಾಜಮ್ಮ ಅವರೆಕಾಯಿ ಬಿಡಿಸ್ತಾ ಇದ್ದಳು. ಮರಿ ಮಂಡಿಯೂರಿ ನೀರು ಕುಡಿಯೋ ಕಡೆ, "ಊಂ, ಅಂಗೇ ಕುಡೀತವೆ" ಅಂದ. ಆಮೇಲೆ ಮಡಕೆಯ ಮಾತು ಬಂತು. ಓದಿದೆ. ಅವನು ಕೈ ಎತ್ತಿ, "ಇನ್ನೊಂದು ಸಲ ಓದವ್ವ" ಅಂದ. ಓದಿದೆ. ಆ ಮಡಕೆ ತೆಗೆದು ಕಟ್ಟೆಗೆ ಎಸೆದವಳು ನಾನು ಅಂತಲೂ ಹೇಳಿದೆ. ಬೈಯ್ಯಲಿ, ಕ್ಯಾಕರಿಸಿ ಉಗಿಯಲಿ ಅಂತ ತಲೆ ತಗ್ಗಿಸಿಕೊಂಡು ಕೂತಿದ್ದೆ.

"ಅಂಗಾರೆ ಮಡಕೆ ಇತ್ತು?" ಅಂದ.

ಇತ್ತು ಅಂದೆ.

"ಬೋರಲೇ ಇತ್ತು?"

ಬೋರಲೇ ಇತ್ತು ಕಣಣ್ಣ ಅಂದೆ.

ಕೆಂಪಾಜಮ್ಮನ ಕಡೆ ತಿರುಗಿ, "ಕೇಳುದ್ಯಾ? ಮಡಕೆ ಇತ್ತಂತೆ" ಅಂದ. ಅವಳು ಅವರೆಕಾಯಿ ಬಿಟ್ಟು ಸೆರಗು ಬಾಯಿಗೆ ಇಟ್ಟುಕೊಂಡಳು.

ನಾವಿಬ್ಬರೂ ತಪ್ಪು ತಿಳಿದಿದ್ದೆವು ವಸಂತ. ಅವನು ನಮಗೋಸ್ಕರ ಏನನ್ನೂ ಹೊತ್ತುಕೊಂಡಿರಲಿಲ್ಲ. ಮಡಕೆ ಬೋರಲಿದ್ದದ್ದು ನೋಡಿ, ಅದನ್ನು ನಂಬಿ, ಆನೆಗಳನ್ನು ಆ ದಾರಿಗೆ ತಿರುಗಿಸಿದ್ದ. ತಾಯಾನೆ ಬಿದ್ದ ಮೇಲೆ ಕಂಬದ ಕಡೆ ನೋಡಿದರೆ ಮಡಕೆ ಇಲ್ಲ. ನಾನು ತೆಗೆದಿದ್ದೆ. ಮಡಕೆ ಇರಲೇ ಇಲ್ಲ, ಆತುರದಲ್ಲಿ ಇದೆ ಅಂತ ಅಂದುಕೊಂಡುಬಿಟ್ಟೆ, ಮರಿ ಇರೋ ತಾಯಿಯನ್ನು ಕರೆಂಟಿಗೆ ಕೈಯಾರೆ ತಳ್ಳಿದೆ ಅಂತ ಅವನು ನಂಬಿದ. ಕೊಂದವನು ನಾನೇ ಅಂದಮೇಲೆ ತಂತಿ ಯಾರು ಎಳೆದರೇನು, ಕೊಕ್ಕೆ ಯಾರು ಬಿಟ್ಟರೇನು ಅಂದುಕೊಂಡ, ಎಲ್ಲ ನಾನೇ ಮಾಡಿದ್ದು ಅಂತ ಫಾರೆಸ್ಟಿನವರಿಗೆ ಹೇಳಿದ್ದು ಅದಕ್ಕೆ. ಹನ್ನೆರಡು ವರ್ಷ ಹಾಗೇ ನಂಬಿಕೊಂಡು ಬದುಕಿದ್ದಾನೆ. ಜೈಲಿಗೂ ಅಂಜಲಿಲ್ಲ, ಆಗಬೇಕಾದ್ದೇ ಅಂತ ಹೋದನಂತೆ. ಆರು ವರ್ಷದ ಹಿಂದೆ ನನ್ನನ್ನು ಕೇಳಿದ್ದು ಚುಚ್ಚೋಕೆ ಅಲ್ಲ. ನಿಜವಾಗಿ ತಿಳಿಯೋಕೆ. ನೋಡ್ಲಿಲ್ಲ ಅಂದೆನಲ್ಲ ನಾನು, ಅವತ್ತು ಇತ್ತು ಅಂದಿದ್ದರೆ ಆ ಆರು ವರ್ಷವಾದರೂ ಉಳೀತಿತ್ತು.

"ಅವತ್ತಿಂದ ದಾರೀಲಿ ಹೋಗೋ ದನಾನೂ ಓಡಿಸಿಲ್ಲ ಕಣವ್ವ ನಾನು" ಅಂದ. "ನನ್ ಕಣ್ಣು ಸುಳ್ಳು ಯೋಳ್ತವೆ ಅಂತ. ಯೋಳ್ಲಿಲ್ಲ ಅಲ್ವಾ?"

ನಮ್ಮನ್ನು ಬೈಯ್ಯಲಿಲ್ಲ. ಕ್ಷಮಿಸಿದೆ ಅಂತಲೂ ಅನ್ನಲಿಲ್ಲ. ನಮ್ಮ ವಿಷಯ ಅವನಿಗೆ ನೆನಪೇ ಇದ್ದ ಹಾಗೆ ಕಾಣಲಿಲ್ಲ. ನಾನು ಹೊರಟಾಗ ಬೇಲಿ ತನಕ ಬಂದು ಮತ್ತೊಂದು ಸಲ ಕೇಳಿದ, ಮತ್ತೊಂದು ಸಲ ಇತ್ತು ಅಂದೆ.

ನಾಳೆ ಕೋರ್ಟಿನಲ್ಲಿ ನಿನ್ನ ಕೆಲಸ, ನಿನ್ನ ಪ್ಯಾಂಟು, ನಿನ್ನ ಪಶ್ಚಾತ್ತಾಪ ಎಲ್ಲ ಆಮೇಲೆ ಹೇಳು. ಮೊದಲು ಅವನ ಮುಖ ನೋಡಿಕೊಂಡು, ಗಟ್ಟಿಯಾಗಿ, ಮಡಕೆ ಇತ್ತು ಅಂತ ಹೇಳು.

ಅಕ್ಕ